ಕೆಳರೆಪ್ಪೆಯ ಕೆಂಪು

ಶೋಭಾ ಅಕ್ಕೋರು ಎದುರಿಗೆ ಬಂದವರಿಗೆ ನಮಸ್ಕಾರ ಹೇಳುವ ಮೊದಲೇ ಕತ್ತು ಓರೆ ಮಾಡಿ, ಹೆಬ್ಬೆರಳಿನಿಂದ ಅವರ ಕೆಳರೆಪ್ಪೆ ಜಗ್ಗಿ ನೋಡುತ್ತಿದ್ದರು. ಒಳಗೆ ಕೆಂಪಿದ್ದರೆ ನಗು, ಬಿಳಿಚಿದ್ದರೆ ಬೈಗುಳ. ಮಾರ್ಕೆಟ್ ಯಾರ್ಡಿನ ಬಾಗಿಲಲ್ಲಿ ಸೊಪ್ಪು ಮಾರುವ ನನ್ನನ್ನೂ ಬಿಟ್ಟಿರಲಿಲ್ಲ. ಧಾರವಾಡದ ಕಡೆಯವರು, ಪುಣೆಯ ನಮ್ಮ ಓಣಿಯ ಹುಡುಗಿಯರಿಗೆ ಓಟ ಕಲಿಸುತ್ತಿದ್ದರು.

ನನ್ನ ಮೊಮ್ಮಗಳು ರೇಣುಕಾ ಆಗ ಓಡುತ್ತ ಓಡುತ್ತ ಅರ್ಧಕ್ಕೇ ಕೂತುಬಿಡುತ್ತಿದ್ದಳು. ಯಾರೋ ಹೇಳಿದರೆಂದು ನಾನು ತೋಳು ಉಬ್ಬಿಸಿದ ಗಂಡಸಿನ ಚಿತ್ರವಿದ್ದ ಶಕ್ತಿಪುಡಿಯ ಡಬ್ಬಿ ತಂದೆ. ಅಕ್ಕೋರು ಅದನ್ನು ತಿರುಗಿಸಿ ನೋಡಿದರು. "ಇದನ್ನ ಕುಡಿಸಿ ಹುಡುಗೀನ ಕುಸ್ತಿಗೆ ಕಳಸ್ತೀರೇನ್ರಿ ಅಜ್ಜಿ? ಮೊದಲ ಡಾಕ್ಟರ ಕಡೆ ರಕ್ತ ತಪಾಸ ಮಾಡಸೋಣ ನಡೀರಿ. ಏನ ಕಡಿಮಿ ಅದ ಅಂತ ಗೊತ್ತಿಲ್ಲದ ಏನ ತುಂಬತೀರಿ?"

ಕಡಿಮೆ ಇದ್ದದ್ದು ಕಬ್ಬಿಣದ ಅಂಶ. ಡಾಕ್ಟರು ಗುಳಿಗೆ ಬರೆದರು. ನಾನು ಪ್ರೀತಿಯಿಂದ ಗುಳಿಗೆಯ ಬೆನ್ನಿಗೇ ಚಹಾ ಕೊಡುತ್ತಿದ್ದೆ. ಗೊತ್ತಾದ ದಿನ ಅಕ್ಕೋರು ಹಣೆ ಬಡಿದುಕೊಂಡರು. "ಚಹಾ ಕಬ್ಬಿಣಾನ ಮೈಗೆ ಹತ್ತಗೊಡೂದಿಲ್ರಿ. ಲಿಂಬಿಹಣ್ಣಿನ ನೀರು ಕೊಡ್ರಿ. ಇಲ್ಲಂದ್ರ ನಿಮ್ಮ ಕೆಟಲಿ ನನ್ನ ಮನಿಗೆ ಒಯ್ತೀನಿ." ಆಮೇಲೆ ನನ್ನ ಬುಟ್ಟಿಯ ರಾಜಗಿರಿ ಸೊಪ್ಪನ್ನು ತಾವೇ ಆರಿಸಿ ಅವಳ ಪಾಲಿಗೆ ಎತ್ತಿಡುತ್ತಿದ್ದರು. "ರಾಜ್ಯದ ಓಟದಾಗ ಇಕಿ ಓಡೂದ ನೋಡಬೇಕ್ರಿ, ಅಷ್ಟ ಸಾಕು."

ರೇಣುಕಾಳ ಕೆನ್ನೆ ತುಂಬಿತು. ಅಕ್ಕೋರ ಕೆನ್ನೆ ಇಳಿಯಿತು. ಎಲ್ಲರ ಕಣ್ಣು ನೋಡುವವರ ಕಣ್ಣನ್ನೂ ನೋಡಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ರಕ್ತದ ಕ್ಯಾನ್ಸರ್ ಎಂದರು.

ಹಾಸಿಗೆ ಹಿಡಿದಿದ್ದರೂ ರೇಣುಕಾಳನ್ನು ಬಗ್ಗಿಸಿಕೊಂಡು ರೆಪ್ಪೆ ಜಗ್ಗಿದರು. "ಕೆಂಪ ಅದ. ಛಲೋ ಆತು." ಹುಡುಗಿ ತನ್ನ ಹೆಬ್ಬೆರಳನ್ನು ಅವರ ಕಣ್ಣ ಕೆಳಗಿಟ್ಟಳು. ಒಳಗೆ ಜೋಳದ ಹಿಟ್ಟಿನ ಬಣ್ಣ. "ಕೈ ತಗಿಯವ್ವಾ. ಇದು ಲಿಂಬಿಹಣ್ಣಿಗೆ ಬಗ್ಗೂದಲ್ಲ," ಎಂದು ನಕ್ಕರು. ಓಟಕ್ಕೆ ವಾರವಿರುವಾಗ ಹೋಗಿಬಿಟ್ಟರು.

ರಾಜ್ಯದ ಓಟದಲ್ಲಿ ನನ್ನ ಕೂಸು ಮೊದಲು ಬಂತು. ನನಗೆ ಹಿಗ್ಗು ಹಿಡಿಯಲಾಗಲಿಲ್ಲ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸರನ್ನೆಲ್ಲ ತಬ್ಬಿಕೊಂಡೆ, ಪೇಢೆ ಹಂಚಿದೆ. ರೇಣುಕಾ ಏದುಸಿರು ಬಿಡುತ್ತ ನೇರ ನನ್ನ ಹತ್ತಿರ ಬಂದಳು. ಕತ್ತು ಓರೆ ಮಾಡಿ, ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಜಗ್ಗಿದಳು.

"ಏನ ಕಾಣ್ತದವ್ವಾ?" ಎಂದೆ.

"ಏನೂ ಕಾಣವಲ್ದು ಅಜ್ಜಿ. ಬರೇ ನೀರ ಅದ."