ಹಿಂದಿನ ಸಾಲಿನ ಮಂದ್ರ ದನಿ

ಡಾಕ್ಟರ್ ಸಾಹೇಬರು ಹಾಡಲು ಬಾಯಿ ತೆರೆಯುವ ಮೊದಲು ಅವರ ದಪ್ಪ ಗಂಟಲಮಣಿ ಒಮ್ಮೆ ಕೆಳಗಿಳಿದು ನಿಲ್ಲುತ್ತಿತ್ತು. ಆಮೇಲೆ ಹೊರಡುವ ದನಿಗೆ ಚರ್ಚಿನ ಮರದ ಬೆಂಚು ನಡುಗುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರು, ಹಾರ್ಬೋರ್ನ್‌ನಲ್ಲಿ ಮನೆ. "ದಿನಾ ಮಂದೀನ್ನ ಮಲಗಸ್ತೀನಿ, ಇಲ್ಲಿ ಬಂದು ಒಂದೀಟು ಎಬ್ಬಸ್ತೀನಿ" ಎಂದು ನಗುತ್ತಿದ್ದರು.

ನಾನಾಗ ವಿಲಾಯತಿಗೆ ಓದಲು ಬಂದು, ಅದೇ ಊರಿನ ಸೆಲ್ಲಿ ಓಕ್‌ನಲ್ಲಿದ್ದ ಎಂ.ಎ. ವಿದ್ಯಾರ್ಥಿನಿ. ಇಬ್ಬರೂ ಧಾರವಾಡದವರು, ನಾನು ಕ್ರೈಸ್ತಳು, ಅವರು ಮುಸಲ್ಮಾನರು. ಆ ಈಸ್ಟರಿಗೆ ಚರ್ಚಿನ ನಮ್ಮ ಹಾಡುಗಾರರ ತಂಡ, ಕಾಯರ್, ಹಳೆಯ ಜರ್ಮನ್ ಕಂಟಾಟಾ ಒಂದನ್ನು ಅಭ್ಯಾಸ ಮಾಡುತ್ತಿತ್ತು: ಕೋರಸ್ಸು, ಒಂಟಿ ದನಿಯ ಹಾಡುಗಳು, ಕೊನೆಗೆ ಎಲ್ಲರೂ ಕೂಡಿ ಹೇಳುವ ಸರಳ ಕೀರ್ತನೆ. ಆ ರಾಗಕ್ಕೆ ನಮ್ಮೂರಿನ ಮಿಶನ್ ಶಾಲೆಯಲ್ಲಿ ಕನ್ನಡದ ಮಾತುಗಳಿದ್ದವು. ಮೊದಲು ಗುರುತಿಸಿದವರು ಸಾಹೇಬರೇ. "ತಂಗೀ, ಇದು ನಮ್ಮ ಸಾಲ್ಯಾಗಿನ ಮುಂಜಾನಿ ಪ್ರಾರ್ಥನಿ ಅಲ್ಲೇನು?"

ಇಂಥ ಕೃತಿಗಳಲ್ಲಿ ಯೇಸುವಿನ ಮಾತುಗಳನ್ನು ಗಂಡಸಿನ ಮಂದ್ರ ದನಿಗೇ ಕೊಡುವುದು ವಾಡಿಕೆ. ಚಳಿಗಾಲವಿಡೀ ಕಾಯರ್ ಮಾಸ್ತರರು ಅದನ್ನು ಸಾಹೇಬರಿಂದಲೇ ಹಾಡಿಸಿದರು. "ಲವ್ಲಿ, ಲವ್ಲಿ" ಎಂದರು. ಸಾಹೇಬರು ಆ ಭಾನುವಾರಕ್ಕಾಗಿ ಆಸ್ಪತ್ರೆಯ ಪಾಳಿಯ ರೋಟಾ ಬದಲಿಸಿಕೊಂಡರು, ಹೆಂಡತಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹೇಳಿಟ್ಟರು. ಕೊನೆಯ ಅಭ್ಯಾಸದ ದಿನ ಮಾಸ್ತರರು ಅವರ ಭುಜದ ಮೇಲೆ ಕೈಯಿಟ್ಟು, "ಚರ್ಚಿನ ಕೆಲವು ಹಿರಿಯರಿಗೆ ಯಾಕೋ ಇರುಸುಮುರುಸು. ಯೇಸುವಿನ ಮಾತು ನೋಡಿ..." ಎಂದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಅವರನ್ನು ತೆಗೆದುಬಿಟ್ಟರು.

ನಾನು ಕುದಿದುಹೋದೆ. "ನಡೀರಿ, ಹೋಗೋಣು" ಎಂದೆ. ಅವರು ಹಿಂದಿನ ಸಾಲಿಗೆ ಹೋಗಿ ನಿಂತರು.

"ಕೋರಸ್ಸಿಗೆ ಮಂದಿ ಕಡಿಮಿ ಅದಾರ, ತಂಗೀ."

ಭಾನುವಾರ, ಅವರ ಬದಲು ಹಾಡಿದ, ಮನೆ ಮಾರಿಸಿಕೊಡುವ ಏಜೆಂಟ್ ಒಬ್ಬ ಶ್ರುತಿ ತಪ್ಪಿ ತಡವರಿಸಿದ. ಸಾಹೇಬರು ಹಿಂದಿನಿಂದ ಮೆಲ್ಲಗೆ ಆ ಸ್ವರ ಗುನುಗಿದರು. ಆತ ಅದನ್ನು ಹಿಡಿದು ದಡ ಸೇರಿದ. ಚಪ್ಪಾಳೆಯೆಲ್ಲ ಆತನಿಗೆ. ಸಾಹೇಬರು ಹೆಂಡತಿಗೆ ವಿಷಯ ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ಆಕೆ ಕೊನೆಯವರೆಗೂ ಕಾಯುತ್ತ ಕೂತಿದ್ದರು.

ಮುಂದೆ ಸಾಹೇಬರು ರೋಟಾದ ನೆಪ ಹೇಳಿ ಕಾಯರ್‌ಗೆ ಬರುವುದನ್ನೇ ಬಿಟ್ಟರು. ಕೆಲವು ವರ್ಷಗಳ ಮೇಲೆ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ತಿಳಿದು, ಆಗ ಲೀಡ್ಸ್‌ನಲ್ಲಿದ್ದ ನಾನು ಓಡಿಬಂದೆ. ಕಾಯರ್ ಮಾಸ್ತರರೂ ಮನೆಯವರನ್ನು ಮಾತಾಡಿಸಲು ಬಂದಿದ್ದರು.

"ದೊಡ್ಡ ಮನಸ್ಸು ಅವರದು. ಆ ಈಸ್ಟರಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಲೇ ಇಲ್ಲ" ಎಂದರು. ಈ ಮನುಷ್ಯನಿಗೆ ನಾಚಿಕೆಯೂ ಇಲ್ಲವಲ್ಲ ಎಂದು ನನ್ನ ಮೈ ಉರಿಯಿತು.

ಸಾಹೇಬರ ಹೆಂಡತಿ ಮಾಸ್ತರರ ಮುಖವನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದರು: "ಆ ದಿನ ಮನೆಗೆ ಬಂದವರು ಮತ್ತೆ ಹಾಡಲಿಲ್ಲ. ಮೊಮ್ಮಗಳು ಹುಟ್ಟಿದಾಗ ಜೋಗುಳವನ್ನೂ ನಾನೇ ಹಾಡಿದೆ."