ಬೊಂಬಾಯಿಗೆ ಅಗ್ಗದ ವಿಮಾನ

ವಿಮಾನದಲ್ಲಿ ಹೋಗುವುದೋ ಹಡಗಿನಲ್ಲಿ ಹೋಗುವುದೋ ಎಂಬ ಮಾತು ಆ ವರ್ಷ ಕಾಫಿ ಪಿಕ್ಕಿಂಗ್ ಮುಗಿದಾಗ ನಮ್ಮ ಮನೆಯಲ್ಲಿ ಶುರುವಾಯಿತು. ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗಾಗಿ, ಆ ಹೂವು ಕಂದಿ ಉದುರಿದರೂ ಮಾತು ಮುಗಿದಿರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಪ್ಪ ಬಿಟ್ಟಂಗಾಲದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಲೈನ್ ಮನೆಗಳ ಮುಂದೆ ನಿಂತು ಆಳುಗಳ ಹಾಜರಿ ತೆಗೆಯುವುದು, ಸಂಜೆ ಹಣ್ಣು ಅಳೆದು ತೆಗೆದುಕೊಳ್ಳುವುದು ಅವರ ಕೆಲಸ. ಎಸ್ಟೇಟಿನ ಅಂಚಿಗೆ ನಮ್ಮದೇ ಸ್ವಲ್ಪ ಗದ್ದೆ, ಒಂದು ಸಣ್ಣ ಮನೆ. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು, ನನ್ನ ತಂಗಿ, ಇಷ್ಟೇ ಜನ. ನಾನಾಗ ಇನ್ನೂ ಲಂಗ ಹಾಕುತ್ತಿದ್ದ ಹುಡುಗಿ.

ಬೊಂಬಾಯಿಗೆ ಹೋಗಬೇಕೆಂಬುದು ಅವ್ವನ ಆಸೆ. ಅಲ್ಲಿ ಅವಳ ಅಕ್ಕ ಇದ್ದಳು, ನಮ್ಮ ದೊಡ್ಡವ್ವ. ಅವಳ ಗಂಡನಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಯುದ್ಧದ ಕಾಲದಲ್ಲಿ ಮದುವೆಯಾಗಿ ಹೋದವಳು ಆಮೇಲೆ ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಒಂದು ವರ್ಷ ಬಾಣಂತನ, ಇನ್ನೊಂದು ವರ್ಷ ಮಾವನಿಗೆ ಕಾಯಿಲೆ, ಮತ್ತೊಂದು ವರ್ಷ ರಜೆ ಇಲ್ಲ. ತಾಯಿ ಬೇಗ ತೀರಿಹೋಗಿದ್ದರಿಂದ ಅವ್ವನನ್ನು ಬೆಳೆಸಿದ್ದೇ ಆ ಅಕ್ಕ. ತಲೆ ಬಾಚಿದ್ದು, ಸೀರೆ ಉಡಲು ಕಲಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ಎಲ್ಲ ಅವಳೇ.

ಅವ್ವನಿಗೆ ಒಂದು ಅಭ್ಯಾಸ ಇತ್ತು. ಒಲೆಯ ಮುಂದೆ ಒಬ್ಬಳೇ ಇರುವಾಗ ಅಕ್ಕನ ಜೊತೆ ಮಾತಾಡುವುದು. ಅಕ್ಕ ಪಕ್ಕದ ಕೋಣೆಯಲ್ಲಿ ಅಕ್ಕಿ ಕೇರುತ್ತಿದ್ದಾಳೋ ಎಂಬಂತೆ, "ಅಕ್ಕಾ, ಉಪ್ಪು ಹಾಕಿದೆನೋ ಇಲ್ಲೆಯೋ" ಎಂದು ಕೇಳುತ್ತಿದ್ದಳು. ಕೇಳಿ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಆಮೇಲೆ ತಾನೇ ರುಚಿ ನೋಡುತ್ತಿದ್ದಳು. ನಾವು ಮಕ್ಕಳು ಮೊದಮೊದಲು ನಗುತ್ತಿದ್ದೆವು. ಆಮೇಲೆ ಅದು ಮನೆಯ ಸದ್ದುಗಳಲ್ಲಿ ಒಂದಾಗಿ ಹೋಯಿತು.

ಆ ವರ್ಷ ಫಸಲು ಚೆನ್ನಾಗಿತ್ತು. ಎಸ್ಟೇಟಿನ ಸಾಹುಕಾರರು ಅಪ್ಪನಿಗೆ ಬೇಸಿಗೆಯಲ್ಲಿ ಉದ್ದದ ರಜೆ ಕೊಡಲು ಒಪ್ಪಿದರು. ಬೊಂಬಾಯಿಗೆ ಹೋಗುವುದು ಖಾತ್ರಿಯಾಯಿತು. ಮಂಗಳೂರಿನವರೆಗೆ ಬಸ್ಸು, ಅಲ್ಲಿಂದ ಹಡಗು ಎಂದು ಅವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿದ್ದಳು.

ಒಂದು ಭಾನುವಾರ ಸಂತೆಗೆಂದು ವಿರಾಜಪೇಟೆಗೆ ಹೋಗಿದ್ದ ಅಪ್ಪ ವಾಪಸು ಬಂದು, ಕೈಕಾಲು ತೊಳೆಯುವ ಮೊದಲೇ ಹೇಳಿದರು. "ಮಂಗಳೂರಿಂದ ಬೊಂಬಾಯಿಗೆ ಒಂದು ವಿಮಾನ ಹೋಗ್ತುಟ್ಟು. ಸರಕಿನ ವಿಮಾನ. ಜನರನ್ನೂ ಹತ್ತಿಸ್ತವೆ. ದೊಡ್ಡ ಕಂಪೆನಿಯವರಷ್ಟು ಚಾರ್ಜು ಇಲ್ಲೆ."

ಅವ್ವ ಚೀಲದಿಂದ ಒಣಮೀನು ತೆಗೆಯುತ್ತಿದ್ದಳು. ಕೈ ನಿಂತಿತು. "ಸರಕಿನ ವಿಮಾನಲಿ ಮಕ್ಕಳನ್ನು ಕೂರಿಸಿಕಂಡು ಹೋಕಾ?"

"ಒಳ್ಳೆ ಗಾಡಿ ಅದು. ನಂಗೆ ಗೊತ್ತುಟ್ಟು."

ಅಪ್ಪನಿಗೆ ಹೇಗೆ ಗೊತ್ತು ಎಂದು ಅಂದು ಯಾರೂ ಕೇಳಲಿಲ್ಲ. ಅವರು ಯುದ್ಧಕ್ಕೆ ಹೋಗಿ ಬಂದವರು ಎಂಬುದು ನಮಗೆ ಗೊತ್ತಿತ್ತು. ನಮ್ಮ ಕಡೆ ಯಾವ ಮನೆಯಲ್ಲಿ ಕೇಳಿದರೂ ಮಿಲಿಟರಿಗೆ ಹೋಗಿ ಬಂದವರು ಸಿಗುತ್ತಿದ್ದರು. ಉಳಿದವರೆಲ್ಲ ಮದುವೆ ಮನೆಗಳಲ್ಲಿ ಕೂತು ಯುದ್ಧದ ಕಥೆ ಹೇಳುತ್ತಿದ್ದರು. ಅಪ್ಪ ಹೇಳುತ್ತಿರಲಿಲ್ಲ. ಆದರೆ ತೋಟದ ಮೇಲೆ ಅಪರೂಪಕ್ಕೆ ವಿಮಾನ ಹೋದಾಗ, ಹಣ್ಣು ಅಳೆಯುತ್ತಿದ್ದವರು ಬಳ್ಳ ಕೆಳಗಿಟ್ಟು ತಲೆಯೆತ್ತಿ ನಿಲ್ಲುತ್ತಿದ್ದರು. ಸಿಲ್ವರ್ ಓಕಿನ ತುದಿಗಳಾಚೆ ಸದ್ದು ಪೂರ್ತಿ ಅಡಗುವವರೆಗೆ ಸಾಲಿನಲ್ಲಿ ನಿಂತ ಹೆಂಗಸರು ಕಾಯಬೇಕಿತ್ತು.

ಅಜ್ಜಿಗೆ ವಿಷಯ ತಿಳಿದಾಗ ಅವರು ತಮ್ಮದೇ ತೀರ್ಮಾನ ಕೊಟ್ಟರು. ತಾನಂತೂ ಬರುವುದಿಲ್ಲ, ದನಗಳನ್ನು ಯಾರು ನೋಡುತ್ತಾರೆ. ಹೋಗುವವರು ಬೇಕಾದರೆ ವಿಮಾನದಲ್ಲಿ ಹೋಗಲಿ, ಆದರೆ ಮನೆಯವರೆಲ್ಲ ಒಂದೇ ಗಾಡಿಯಲ್ಲಿ ಬೇಡ. "ನೀನು ದೊಡ್ಡದನ್ನು ಕರಕೊಂಡು ಆಕಾಶಲಿ ಹೋಗು. ಇವಳು ಸಣ್ಣದನ್ನು ಕರಕೊಂಡು ಹಡಗುಲಿ ಬರಲಿ. ಎಲ್ಲವೂ ಒಟ್ಟಿಗೆ ಹೋದು ಬೊತ್ತು." ಬೊತ್ತು ಎಂದರೆ ನಮ್ಮ ಅರೆಭಾಷೆಯಲ್ಲಿ ಬೇಡ ಎಂದು. ಅಜ್ಜಿ ಬೊತ್ತು ಎಂದರೆ ಮೇಲೆ ಮಾತಿಲ್ಲ.

ಅಪ್ಪನ ಜೊತೆ ಹೋಗುವ ದೊಡ್ಡದು ನಾನೇ. ಆ ದಿನಗಳಲ್ಲಿ ನನಗೆ ನಿದ್ದೆಯಲ್ಲೂ ವಿಮಾನವೇ. ಆದರೆ ಅವ್ವನಿಗೆ ಈ ಹಂಚಿಕೆ ಇಷ್ಟವಿರಲಿಲ್ಲ. ವಿಮಾನವೂ ಇಷ್ಟವಿರಲಿಲ್ಲ. ಹಡಗಾದರೆ ಎಲ್ಲರೂ ಒಟ್ಟಿಗೆ ಎಂದು ಅವಳ ವಾದ. ಅಪ್ಪ ವಾದ ಮಾಡುವವರಲ್ಲ, ಆದರೆ ಬಿಟ್ಟೂ ಕೊಡಲಿಲ್ಲ. ಗಂಜಿ ಉಣ್ಣುವಾಗ, ಒಳ್ಳೆಮೆಣಸು ಒಣಹಾಕುವಾಗ, ಮಾತು ತಾನಾಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕೊನೆಗೆ ಅವ್ವ, ಟಿಕೆಟು ಮಾರುವವನನ್ನು ತಾನೇ ಕೇಳುತ್ತೇನೆ ಎಂದಳು.

ವಿರಾಜಪೇಟೆಯಲ್ಲಿ ಕಣ್ಣೂರಿನ ಬಸ್ಸುಗಳಿಗೆ ಸೀಟು ಬುಕ್ ಮಾಡುವ ಒಬ್ಬ ಏಜೆಂಟ್ ಇದ್ದ. ವಿಮಾನದ ಟಿಕೆಟೂ ಅವನ ಹತ್ತಿರವೇ. ಅಪ್ಪ, ಅವ್ವ, ನಾನು ಮೂವರು ಹೋದೆವು. ಆತ ಮಲಯಾಳಿ, ಎಲ್ಲ ಭಾಷೆಯನ್ನೂ ಒಂದೇ ಬಾಯಲ್ಲಿ ಆಡುತ್ತಿದ್ದ. ಅಕ್ಕನಿಗೆ ಚೇಚಿ, ಆದರೆ ಎನ್ನುವುದಕ್ಕೆ ಪಕ್ಷೇ. ಅವ್ವನಿಗೆ ಸ್ಟೂಲು ಹಾಕಿಸಿ ಹೇಳಿದ.

"ಸೀಟು ಉಂಟು ಚೇಚಿ. ಪಕ್ಷೇ ಸೀಟು ಅಂತ ಹೇಳ್ಲಿಕ್ಕೆ ನನಗೇ ನಾಚಿಕೆ. ಎರಡು ಕಡೆ ಗೋಡೆಗೆ ತಗಡಿನ ಬೆಂಚು. ನಡುವಿನಲ್ಲಿ ಸಾಮಾನು. ಊಟ ಇಲ್ಲ, ಚಾ ಇಲ್ಲ. ಇವತ್ತು ಹೋಗ್ತದೆ ಅಂತ ಹೇಳಿದ್ದು ನಾಳೆ ಹೋದರೂ ಹೋಯ್ತು. ಅದಕ್ಕೇ ಚಾರ್ಜು ಕಮ್ಮಿ."

"ಬೀಳ್ತದಾ?" ಎಂದು ಅವ್ವ ನೇರವಾಗಿ ಕೇಳಿದಳು.

ಆತ ನಗಲಿಲ್ಲ. "ಇದುವರೆಗೆ ಇಲ್ಲ. ಯುದ್ಧದಲ್ಲಿ ಓಡಿದ ವಿಮಾನ. ಹಳೇದು, ಪಕ್ಷೇ ಗಟ್ಟಿ."

ತಗಡಿನ ಬೆಂಚು ಎಂದಾಗ ಅಪ್ಪ ಗೊತ್ತಿದ್ದವರಂತೆ ತಲೆಯಾಡಿಸಿದ್ದರು.

ಟಿಕೆಟು ತೆಗೆಯದೆ ಹೊರಬಂದೆವು. ಬಸ್ಸು ತಪ್ಪಿದ್ದರಿಂದ ಬಿಟ್ಟಂಗಾಲದ ಕಡೆಗೆ ನಡೆಯತೊಡಗಿದೆವು. ಬಿಸಿಲಿತ್ತು, ಆದರೆ ರಸ್ತೆಯ ಎರಡೂ ಬದಿ ತೋಟದ ನೆರಳು. ಸ್ವಲ್ಪ ದೂರ ಹೋದ ಮೇಲೆ ಅವ್ವ ಕೇಳಿದಳು. "ನಿಮಗೆ ಆ ವಿಮಾನವೇ ಯಾಕೆ ಬೇಕು?"

ಅಪ್ಪ ರಸ್ತೆ ನೋಡುತ್ತಲೇ ಹೇಳಿದರು. ಬರ್ಮಾದ ಕಾಡಿನಲ್ಲಿ ಸಿಕ್ಕಿಬಿದ್ದ ಪಲ್ಟನ್ನುಗಳಿಗೆ ಅಕ್ಕಿ, ಉಪ್ಪು, ಹೇಸರಗತ್ತೆಗೆ ಹುರುಳಿ, ಎಲ್ಲವನ್ನೂ ಮೇಲಿನಿಂದಲೇ ಹಾಕಬೇಕಿತ್ತು. ಅಪ್ಪನ ಕೆಲಸ ಅದೇ. ವಿಮಾನದ ಬಾಗಿಲನ್ನು ಕಳಚಿ ತೆಗೆದಿಡುತ್ತಿದ್ದರು. ಬಾಗಿಲ ಬಾಯಲ್ಲಿ ಚೀಲಗಳನ್ನು ಪೇರಿಸಿ, ಇಬ್ಬರು ಅಂಗಾತ ಮಲಗಿ ಕಾಲಿನಿಂದ ಒದ್ದು ನೂಕುವುದು. ಗಂಟೆ ಬಾರಿಸಿದಾಗ ನೂಕಬೇಕು, ಮತ್ತೆ ಬಾರಿಸಿದಾಗ ನಿಲ್ಲಿಸಬೇಕು. ಸೊಂಟಕ್ಕೆ ಹಗ್ಗ. ಜೊತೆಗೆ ಒದೆಯುತ್ತಿದ್ದವನು ಅಮ್ಮತ್ತಿ ಕಡೆಯ ಹುಡುಗ. ಊರಿನ ಮಾತಾಡಲು ಇದ್ದವನು ಅವನೊಬ್ಬನೇ. ಒಂದು ದಿನ ಬೆಟ್ಟದ ಸಂದಿಯಲ್ಲಿ ವಿಮಾನ ಒಮ್ಮೆಲೇ ವಾಲಿತು.

"ಚೀಲದ ಒಟ್ಟಿಗೇ ಹೋದ," ಎಂದರು ಅಪ್ಪ.

"ಹಗ್ಗ ಕಟ್ಟಿತ್ಲೆಯಾ?"

"ಕಟ್ಟಿತ್ತು. ಹಗ್ಗ ಇತ್ತು. ಅವ ಇತ್ಲೆ."

ಮತ್ತೆ ಸ್ವಲ್ಪ ದೂರ ನಡೆದ ಮೇಲೆ ಅವರೇ ಹೇಳಿದರು. "ಅಷ್ಟು ಸಲ ಹಾರಿದೆ. ಒಂದು ಸಲವೂ ಕೆಳಗೆ ಎಂತ ಉಟ್ಟು ಅಂತ ನೋಡಿತ್ಲೆ. ಬಾಗಿಲು ಇರುವ ವಿಮಾನಲಿ, ಮನುಷ್ಯರ ಹಾಗೆ ಕೂತು, ಒಂದು ಸಲ ನೋಡೊಕು."

ಮನೆ ಮುಟ್ಟಿದ ಮೇಲೆ ಅವ್ವ ಸೀರೆ ಬದಲಿಸಿ, ಅಜ್ಜಿಯ ಮುಂದೆ ಹೋಗಿ ನಿಂತಳು.

"ನಾವು ಎಲ್ಲವೂ ವಿಮಾನಲೇ ಹೋದು," ಎಂದಳು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನಾನು ಹೇಳಿದ್ದು ಕೇಳಿತ್ಲೆಯಾ?"

"ಕೇಳಿತ್ತು ಅತ್ತೆ." ಅವ್ವ ಅಪ್ಪನ ಕಡೆ ತಲೆ ತಿರುಗಿಸಿದಳು. "ಇವು ಒಬ್ಬರೇ ಅದರೊಳಗೆ ಕೂರೋದು ಬೊತ್ತು."

ಅಜ್ಜಿಯ ಬೊತ್ತಿಗೆ ಎದುರಾಗಿ ಅವ್ವ ಬೊತ್ತು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಜ್ಜಿ ಅವಳ ಮುಖ ನೋಡಿದರು, ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಮಾರನೆಯ ದಿನ ಅಪ್ಪ ಟಿಕೆಟು ತಂದರು.

ಸಂಪಾಜೆ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ತಂಗಿ ವಾಂತಿ ಮಾಡಿ ಸುಸ್ತಾಗಿದ್ದಳು. ಏಜೆಂಟ್ ಎಚ್ಚರಿಸಿದಂತೆಯೇ ಆಯಿತು, ವಿಮಾನ ಒಂದು ದಿನ ತಡ, ಬೊಂಬಾಯಿಗೆ ತಂತಿ ಕೊಟ್ಟೆವು. ಮರುದಿನ ಬೆಳಿಗ್ಗೆ ಗುಡ್ಡದ ಮೇಲಿನ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಸಾಮಾನಿನ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು. ಗುಮಾಸ್ತ ತೂಕವನ್ನು ಗಟ್ಟಿಯಾಗಿ ಕೂಗುತ್ತಿದ್ದ. ಅವ್ವ ನಾಚಿಕೊಂಡು, "ಕಾಫಿ ಚೀಲದ ಹಾಗೆ ಮಾಡಿದವಲ್ಲ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ಆ ಪ್ರಯಾಣದಲ್ಲಿ ಅಪ್ಪ ನಕ್ಕದ್ದು ಅಲ್ಲಿ ಮಾತ್ರ.

ಒಳಗೆ ನಡುವಿನುದ್ದಕ್ಕೂ ಗೋಡಂಬಿ ಡಬ್ಬಗಳು, ಅವುಗಳ ಮೇಲೆ ಬಲೆ ಹಾಕಿ ಕಟ್ಟಿದ ಮಲ್ಲಿಗೆ ಬುಟ್ಟಿಗಳು. ಎಣ್ಣೆಯ ವಾಸನೆಗೆ ಮಲ್ಲಿಗೆ ಬೆರೆತು ಉಸಿರುಕಟ್ಟುವ ಹಾಗಿತ್ತು. ತಗಡಿನ ಬೆಂಚಿನಲ್ಲಿ ನಾವು ಸಾಲಾಗಿ ಕೂತೆವು. ಬೆನ್ನ ಹಿಂದೆ ಸಣ್ಣ ಚೌಕದ ಕಿಟಕಿ. ಗಾಜಿನ ನಡುವೆ ಬೆರಳು ತೂರುವಷ್ಟು ಒಂದು ತೂತು, ಅದಕ್ಕೆ ರಬ್ಬರಿನ ಬಿರಡೆ. ಬಂದೂಕಿನ ಮೂತಿ ಹೊರಗಿಡಲು ಯುದ್ಧದಲ್ಲಿ ಮಾಡಿದ್ದು ಎಂದು ಅಪ್ಪ ಹೇಳಿದರು. ಬಾಗಿಲು ನಮ್ಮ ಎದುರು ಬದಿಗೇ ಇತ್ತು. ಹೊರಗಿನಿಂದ ಯಾರೋ ಅದನ್ನು ದಬ್ಬಿ ಮುಚ್ಚಿದರು. ಅಪ್ಪನ ಕಣ್ಣು ಅದರ ಹಿಡಿಯ ಮೇಲೆ ಹೋಗಿ ಕೂತಿತು.

ಇಂಜಿನಿನ ಸದ್ದಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ವಿಮಾನ ನೆಲ ಬಿಟ್ಟಿತು. ವಿಮಾನ ಸಮುದ್ರದ ಕಡೆಗೆ ವಾಲಿದಾಗ ಅಪ್ಪನ ಬಲಗೈ ಸೊಂಟದ ಸುತ್ತ ಏನನ್ನೋ ಹುಡುಕುತ್ತಿರುವುದನ್ನು ನಾನು ನೋಡಿದೆ. ಅವ್ವನೂ ನೋಡಿದಳು. ಅವಳು ತನ್ನ ಸೆರಗಿನ ಚುಂಗನ್ನು ಅವರ ಮುಷ್ಟಿಯೊಳಗೆ ತುರುಕಿ, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಅಪ್ಪ ಅದನ್ನು ಬಿಗಿಯಾಗಿ ಹಿಡಿದುಕೊಂಡರು, ಬೊಂಬಾಯಿ ಬರುವವರೆಗೂ ಬಿಡಲಿಲ್ಲ. ಕಿಟಕಿಯ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

ಹೆದರಬೇಕಾಗಿದ್ದ ಅವ್ವ ಹೆದರಲಿಲ್ಲ. ಸೆರಗು ಅಲ್ಲಿ ಸಿಕ್ಕಿಕೊಂಡಿದ್ದರಿಂದ ಅರ್ಧ ತಿರುಚಿ ಕೂತು, ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡತೊಡಗಿದಳು. ನನ್ನ ತಲೆ ಹಿಡಿದು ಎಳೆದು, "ನೋಡು, ನೋಡು, ಹೊಳೆ ಸಮುದ್ರಕ್ಕೆ ಸೇರುವುದು ನೋಡು" ಎಂದಳು. ಬೇಸಿಗೆ ಮಳೆಗೆ ಕೆಂಪಾದ ಹೊಳೆ ನೀಲಿಯೊಳಗೆ ಸ್ವಲ್ಪ ದೂರ ಕೆಂಪಾಗಿಯೇ ಹೋಗಿ ಆಮೇಲೆ ಕಾಣದಾಗುತ್ತಿತ್ತು. ಬಿಳಿ ಮರಳಿನ ಗೆರೆ, ತೆಂಗು, ಹುಲ್ಲುಕಡ್ಡಿಯಂಥ ದೋಣಿಗಳು, ದೂರದಲ್ಲಿ ಘಟ್ಟದ ನೀಲಿ ಸಾಲು. ಅವಳ ಮುಖ ಹಾಗೆ ಬಿಚ್ಚಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದು ಹುಡುಗಿಯ ಮುಖ ಅದು. ದೊಡ್ಡವ್ವ ತಲೆ ಬಾಚುತ್ತಿದ್ದ ಕಾಲದಲ್ಲಿ ಅವಳು ಹೀಗಿದ್ದಿರಬೇಕು.

ಬೊಂಬಾಯಿಯಲ್ಲಿ ಕಂಬಿಗಳ ಕಟಾಂಜನದಾಚೆ ನಿಂತಿದ್ದ ದೊಡ್ಡವ್ವನನ್ನು ಅವ್ವ ಗುರುತಿಸಲಿಲ್ಲ. ನರೆತ ಕೂದಲಿನ, ಕನ್ನಡಕದ ಹೆಂಗಸು. ದೊಡ್ಡವ್ವನೇ ಮುಂದೆ ಬಂದು, ಗಾಳಿಗೆ ಕೆದರಿದ್ದ ಅವ್ವನ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದಳು. ಆಗ ಅವ್ವ ಅತ್ತಳು.

ರಜೆ ಮುಗಿಯುವವರೆಗೆ ಅಲ್ಲಿದ್ದೆವು. ರೈಲ್ವೆ ಕ್ವಾರ್ಟರ್ಸಿನ ಇಕ್ಕಟ್ಟಿನ ಅಡುಗೆಮನೆಯಲ್ಲಿ ಅಕ್ಕತಂಗಿ ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆಯೇ ಇರುತ್ತಿದ್ದರು. ಹೆಚ್ಚು ಮಾತೂ ಇರಲಿಲ್ಲ. ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ ಎಂದು ನನಗೆ ಆಶ್ಚರ್ಯ. ವಾಪಸು ಹೊರಡುವಾಗ, ವಿಮಾನ ಯಾವಾಗ ಹೊರಡುವುದೋ ಗೊತ್ತಿಲ್ಲ ಎಂದು ಕಂಪೆನಿಯವರು ಹೇಳಿದ್ದರಿಂದ ಹಡಗಿನಲ್ಲಿ ಬಂದೆವು. ಮುಂದಿನ ಬೇಸಿಗೆಯಷ್ಟರಲ್ಲಿ ಆ ಕಂಪೆನಿಯೇ ಮುಚ್ಚಿಹೋಗಿತ್ತು.

ಅವ್ವನಿಗೆ ಇನ್ನೊಮ್ಮೆ ಹಾರಬೇಕೆಂಬ ಆಸೆ ಕೊನೆಯವರೆಗೂ ಇತ್ತು. ಈ ವರ್ಷ, ಮುಂದಿನ ವರ್ಷ ಎನ್ನುತ್ತಲೇ ನಮ್ಮ ಓದು, ನಮ್ಮ ಮದುವೆಗಳು ಬಂದವು. ಅಕ್ಕನನ್ನೂ ಅವಳು ಮತ್ತೆ ನೋಡಲಿಲ್ಲ. ನಾವು ಬಂದ ಕೆಲವು ಮಳೆಗಾಲಗಳ ನಂತರ ದೊಡ್ಡವ್ವ ತೀರಿಕೊಂಡ ಸುದ್ದಿ ಬಂತು. ಅವ್ವ ಒಲೆಯ ಮುಂದೆ ಮಾತಾಡುವುದನ್ನು ಕೆಲವು ದಿನ ನಿಲ್ಲಿಸಿದ್ದಳು. ಆಮೇಲೆ ಮತ್ತೆ ಶುರು ಮಾಡಿದಳು.

ಅಪ್ಪ ವಿಮಾನದ ಮಾತನ್ನು ತಾವಾಗಿ ಎತ್ತುತ್ತಿರಲಿಲ್ಲ. ಆದರೆ ಸಂಜೆ ಕೆಲಸ ಮುಗಿಸಿ ಬಂದು, ಬೆಲ್ಲದ ಕಾಫಿ ಕುಡಿದು, ಜಗಲಿಯ ಕಂಬಕ್ಕೆ ಒರಗಿದ ಮೇಲೆ ಒಮ್ಮೊಮ್ಮೆ ಅವ್ವನನ್ನು ಕೇಳುತ್ತಿದ್ದರು.

"ಅವತ್ತು ನೀನು ಎಂತ ನೋಡ್ದ್, ಹೇಳು."

ಅವ್ವ ಕೈಯಲ್ಲಿದ್ದ ಕೆಲಸ ಬಿಡದೆ ಹೇಳುತ್ತಿದ್ದಳು. ಹೊಳೆ, ಮರಳು, ದೋಣಿ, ಅದೇ ಕ್ರಮದಲ್ಲಿ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅವಳು ನಿಲ್ಲಿಸಿದರೆ, "ಹೊಳೆ ಸಮುದ್ರಕ್ಕೆ ಸೇರಿದ ಮೇಲೆ?" ಎನ್ನುತ್ತಿದ್ದರು. ಅವ್ವ ಮತ್ತೆ ಅಲ್ಲಿಂದ ಹೇಳುತ್ತಿದ್ದಳು.

ಈಗ ಇಬ್ಬರೂ ಇಲ್ಲ. ನಾನು ಆ ಕರಾವಳಿಯ ಮೇಲೆ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ಕಿಟಕಿಯ ಸೀಟು ಕೇಳಿ ಪಡೆಯುತ್ತೇನೆ. ಕೆಳಗೆ ಎಲ್ಲವೂ ಇರುತ್ತದೆ. ಆದರೆ ಅವ್ವ ಜಗಲಿಯಲ್ಲಿ ಮೊರದಲ್ಲಿ ಅಕ್ಕಿ ಕೇರುತ್ತ ಹೇಳುತ್ತಿದ್ದಷ್ಟು ಹತ್ತಿರದಲ್ಲಿ ಅದನ್ನು ನಾನು ಕಂಡಿಲ್ಲ.