ವರ್ನಾ ಮಾಡದೆ ಬಿಟ್ಟ ಫೋನು

ವರ್ನಾ ಕುಬಾಕಿ ಮತ್ತು ನಾನು ಹತ್ತೊಂಬತ್ತು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತವರು. ಓಹಾಯೋ ನದಿಯ ಈ ದಡ ಓಹಾಯೋ ರಾಜ್ಯ, ಇಲ್ಲಿ ನಮ್ಮ ಕೌಂಟಿ ಕಚೇರಿ; ಸೇತುವೆ ದಾಟಿದರೆ ಬೇರೆ ರಾಜ್ಯ, ವೆಸ್ಟ್ ವರ್ಜೀನಿಯಾ. ಬಡವರ ಆಸ್ಪತ್ರೆ ಖರ್ಚಿನ ಸರ್ಕಾರಿ ವಿಮೆ ಒಬ್ಬರಿಗೆ ಒಂದೇ ಕಡೆ ಇರಬೇಕು. ಎರಡೂ ಕಡೆ ಹೆಸರಿದ್ದವರ ಪಟ್ಟಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಇಲ್ಲೇ ವಾಸ ಎಂದು ಹತ್ತು ದಿನದಲ್ಲಿ ರುಜುವಾತು ಕೊಡಿ ಎಂದು ಕಾಗದ ಹಾಕುತ್ತೇವೆ. ಕೊಡದವರ ಹೆಸರು ಹನ್ನೊಂದನೆಯ ದಿನ ತೆಗೆಯುತ್ತೇವೆ.

ವರ್ನಾ ಒಳ್ಳೆಯವಳು. ಮಧ್ಯಾಹ್ನದ ಊಟಕ್ಕೆ ತಂದ ಪೆಪ್ಪರೋನಿ ರೋಲಿನಲ್ಲಿ ಅರ್ಧ ನನಗೇ. ಒಂದು ಫೈಲನ್ನೂ ನಾಳೆಗೆ ಉಳಿಸಿದವಳಲ್ಲ.

ಒಮ್ಮೆ ಪಟ್ಟಿಯಲ್ಲಿ ಡೆಲ್ಬರ್ಟ್ ಯೋಹೋ ಅಂತ ಒಂದು ಹೆಸರು ಬಂತು. ಗಣಿಯಲ್ಲಿ ದುಡಿದು ಶ್ವಾಸಕೋಶ ಕಳಕೊಂಡ ಒಂಟಿ ಮನುಷ್ಯ, ಆಮ್ಲಜನಕದ ಯಂತ್ರವೇ ಅವನ ಉಸಿರು. ಆಚೆ ದಡದ ತಂಗಿ ಆರ್ಲೀನ್ ಮನೆಗೆ ಹೋದಾಗ ಬಿದ್ದು ಸೊಂಟ ಮುರಿದುಕೊಂಡಿದ್ದ. ಅಲ್ಲಿನ ಆಸ್ಪತ್ರೆಯವರು ಅಲ್ಲಿನ ವಿಮೆಗೂ ಹೆಸರು ಬರೆಸಿದ್ದರು. ಅವನು ತಂಗಿ ಮನೆಯಲ್ಲಿ ಮಲಗಿದ್ದ. ನಮ್ಮ ಕಾಗದ ಇಲ್ಲಿ ಬೀಗ ಹಾಕಿದ ಮನೆಯ ಅಂಚೆ ಡಬ್ಬಿಯಲ್ಲಿ ಬಿದ್ದಿತ್ತು.

ಹನ್ನೊಂದನೆಯ ದಿನ ವರ್ನಾ ಕೇಳಿದಳು: "ಫೈಲಲ್ಲಿ ನಂಬರ್ ಇದೆ. ಒಂದ್ಸಲ ಫೋನ್ ಮಾಡ್ಲೇನೇ?"

"ಮೂವತ್ತೆಂಟು ಫೈಲಿದೆ ಇವತ್ತು. ಆ ಕಡೆ ವಿಮೆ ಇದ್ಯಲ್ಲ ಅವನಿಗೆ, ಸಾಯಲ್ಲ ಬಿಡು," ಎಂದೆ. ಹೌದು, ನಾನೇ ಅಂದದ್ದು. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ವರ್ನಾ ಫೋನ್ ಮಾಡದೆ ಅವನ ಹೆಸರು ತೆಗೆದಳು. ಅದೇ ವಾರ ಆ ಕಡೆಯವರು, ಇವನು ಓಹಾಯೋದವನು ಎಂದು ಅಲ್ಲೂ ಹೆಸರು ತೆಗೆದಿದ್ದರು. ಎರಡು ಇರಬಾರದು ಎಂದು ಹೊರಟವರು ಒಂದೂ ಇಲ್ಲದಂತೆ ಮಾಡಿದೆವು. ಯಂತ್ರದವರು ಬಂದು ಯಂತ್ರ ಹೊತ್ತೊಯ್ದರು. ಮೂರನೆಯ ವಾರ ಡೆಲ್ಬರ್ಟ್ ಸತ್ತ ಸುದ್ದಿಯನ್ನು ಪೇಪರಿನಲ್ಲಿ ಓದಿದೆವು.

ಆಮೇಲೆ ಯಾರ ಹೆಸರು ತೆಗೆಯುವ ಮುಂಚೆಯೂ ವರ್ನಾ ಮೊದಲು ಡೆಲ್ಬರ್ಟನ ನಂಬರಿಗೆ ಫೋನ್ ಮಾಡುತ್ತಿದ್ದಳು. ಯಾರೂ ಎತ್ತುತ್ತಿರಲಿಲ್ಲ, ಅವನು ರೆಕಾರ್ಡ್ ಮಾಡಿಟ್ಟಿದ್ದ ದನಿ ಮಾತ್ರ ಉಳಿದಿತ್ತು: "ಡೆಲ್ಬರ್ಟು. ಇಲ್ಲೇ ಹೊರಗಡೆ ಹೋಗಿದೀನಿ. ಏನಿದ್ರೂ ಹೇಳಿಡಿ, ಬಂದು ಮಾಡ್ತೀನಿ."

"ಹುಚ್ಚು ಹಿಡೀತೇನೇ ನಿಂಗೆ? ಸತ್ತೋನಿಗೆ ಎಂಥ ಫೋನು?"

"ಅವನ ದನಿ ಕೇಳಿದ್ರೆ ಮಿಕ್ಕೋರಿಗೆಲ್ಲ ಮಾಡ್ತೀನಿ ಕಣೆ. ಇಲ್ದಿದ್ರೆ ನಾನೂ ನಿನ್ ಥರಾನೇ ಆಗ್ಬಿಡ್ತೀನಿ."

ಆ ದನಿ ನನಗೂ ಕೇಳಿಸುತ್ತಿತ್ತು. ಪಾತ್ರೆ ತೊಳೆಯುವಾಗಲೂ ಕೇಳಿಸುತ್ತಿತ್ತು.

ಹೋದ ಮಾರ್ಚಿನಲ್ಲಿ ಒಂದು ದಿನ ಯಾರೋ ಎತ್ತಿದರು. ವರ್ನಾ ಬೆಚ್ಚಿ, ನನಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು.

"ನಾನು ಆರ್ಲೀನ್, ಅವನ ತಂಗಿ. ಆಗಾಗ ಫೋನ್ ಮಾಡಿ ಇಟ್ಬಿಡೋರು ನೀವೇನಾ? ಯಾರು ನೀವು?"

"ಕೌಂಟಿ ಕಚೇರಿಯಿಂದ... ವರ್ನಾ ಅಂತ. ನಾನೇ ಹೆಸರು ತೆಗೆದಿದ್ದು."

ಆ ಕಡೆಯ ಹೆಂಗಸು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಆ ಹತ್ತು ದಿನಾನೂ ಈ ಫೋನು ಅಣ್ಣನ ದಿಂಬಿನ ಪಕ್ಕಾನೇ ಇತ್ತಮ್ಮ," ಎಂದಳು.

ವರ್ನಾ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.